ದುಡ್ಡು ಕೇಳಿದ ಕೂಡಲೇ ಸಂಗೀತ ಕೆಡುತ್ತಾ?

ಒಂಟಿತಂತಿ:
ಎಲ್ಲರಿಗೂ ನಮಸ್ಕಾರ. ಒಂದು ವಿಷಯ ತುಂಬಾ ದಿನದಿಂದ ತಲೆ ತಿನ್ನುತ್ತಿದೆ, ನಿಮ್ಮೆಲ್ಲರ ಅಭಿಪ್ರಾಯ ಬೇಕು. ನಾನು ಪಿಟೀಲು ನುಡಿಸುತ್ತೇನೆ. ಇದೇ ನನ್ನ ಕೆಲಸ, ಬೇರೆ ಉದ್ಯೋಗ ಇಲ್ಲ. ಈಚೆಗೆ ಒಂದು ಸಂಸ್ಥೆಯವರು ತಮ್ಮ ವಾರ್ಷಿಕ ಸಮಾರಂಭದಲ್ಲಿ ನುಡಿಸಬೇಕು ಅಂತ ಕರೆದರು. ಎರಡು ಗಂಟೆ ಕಾರ್ಯಕ್ರಮ, ಪಕ್ಕವಾದ್ಯದವರನ್ನೂ ನಾನೇ ಕರೆದುಕೊಂಡು ಬರಬೇಕು. ಸಂಭಾವನೆ ಎಷ್ಟು ಅಂತ ಕೇಳಿದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ನೀವು ಕಲಾವಿದರು, ನೀವೇ ದುಡ್ಡಿನ ಮಾತಾಡಿದರೆ ಹೇಗೆ? ದೊಡ್ಡ ದೊಡ್ಡವರು ಬರ್ತಾರೆ, ನಿಮಗೆ ಹೆಸರು ಬರುತ್ತೆ" ಅಂದರು. ವೇದಿಕೆ ಅಲಂಕಾರಕ್ಕೆ, ಮೈಕಿಗೆ, ಫೋಟೋಗೆ, ಹಾಲಿಗೆ ಎಲ್ಲಕ್ಕೂ ದುಡ್ಡು ಇಟ್ಟಿದ್ದಾರೆ. ನುಡಿಸುವವರಿಗೆ ಮಾತ್ರ ಇಲ್ಲ.

ಮನೆಗೆ ಬಂದು ಹೇಳಿದರೆ ನಮ್ಮ ದೊಡ್ಡಪ್ಪನೂ ಅದೇ ಮಾತು. ವಿದ್ಯೆ ಮಾರಬಾರದು, ಕೊಟ್ಟಷ್ಟು ತಗೋಬೇಕು ಅಂತ. ಅವರ ಮೇಲೆ ನನಗೆ ಗೌರವ ಇದೆ, ಅದಕ್ಕೇ ಈ ಮಾತು ಇನ್ನೂ ಚುಚ್ಚುತ್ತಿದೆ. ಸಂಗೀತದಿಂದ ದುಡ್ಡು ಮಾಡುವುದು ತಪ್ಪಾ? ನೇರವಾಗಿ ಹೇಳಿ.

ಏಕತಾಳ:
ತಪ್ಪಲ್ಲ. ಮುಂದಿನ ಪ್ರಶ್ನೆ ಕೇಳಿ.

ಮಂದ್ರಸ್ಥಾಯಿ:
ಅಷ್ಟು ಬೇಗ ಮುಗಿಸಬೇಡಿ ಏಕತಾಳ ಅವರೇ. ಆ ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆ. ನಾನು ಬಹಳ ವರ್ಷದಿಂದ ಕಛೇರಿ ಕೇಳುತ್ತಾ ಬಂದವನು. ಒಬ್ಬ ಗಾಯಕರು ದುಡ್ಡಿನ ಕಡೆ ಗಮನ ಕೊಡಲು ಶುರು ಮಾಡಿದ ಮೇಲೆ ಅವರ ಹಾಡಿಕೆ ಹೇಗೆ ಬದಲಾಗುತ್ತೆ ಅನ್ನುವುದನ್ನು ಕಣ್ಣಾರೆ ನೋಡಿದ್ದೇನೆ. ನಿಧಾನದ ರಾಗ ಆಲಾಪನೆ ಕಡಿಮೆ ಆಗುತ್ತೆ, ಚಪ್ಪಾಳೆ ಬೀಳುವ ತುಣುಕು ಜಾಸ್ತಿ ಆಗುತ್ತೆ. ಕೇಳುವವರು ಏನು ಬಯಸುತ್ತಾರೋ ಅದನ್ನೇ ಕೊಡುವುದು ಅಭ್ಯಾಸ ಆಗಿಬಿಡುತ್ತೆ. ತ್ಯಾಗರಾಜರು ಅರಮನೆಯ ಕರೆ ಬಂದರೂ ಹೋಗಲಿಲ್ಲ ಅಂತ ನಾವು ಹೇಳಿಕೊಳ್ಳುತ್ತೇವಲ್ಲ, ಅದು ಸುಮ್ನೆ ಕತೆಗಾಗಿ ಅಲ್ಲ. ಯಾರ ಮುಲಾಜೂ ಇಲ್ಲದೆ ಹಾಡಬೇಕು ಅಂದರೆ ಯಾರ ಹತ್ತಿರವೂ ಕೈ ಚಾಚಬಾರದು.

ಕೊಳಲು ಕಲಿಯುವೆ:
ಆದರೆ ಸರ್, ತ್ಯಾಗರಾಜರು ಉಂಛವೃತ್ತಿಯಲ್ಲಿ ಬದುಕಿದರು ಅಂತಲೂ ಅದೇ ಕತೆ ಹೇಳುತ್ತೆ ಅಲ್ವಾ? ಅಂದರೆ ಬೀದಿಯ ಜನ ಅಕ್ಕಿ ಹಾಕುತ್ತಿದ್ದರು. ರಾಜ ಸಾಕಲಿಲ್ಲ, ಊರು ಸಾಕಿತು. ಇವತ್ತು ಒಂಟಿತಂತಿ ಅವರು ಹಾಡುತ್ತಾ ಬೀದಿಯಲ್ಲಿ ಬಂದರೆ ಅಕ್ಕಿ ಹಾಕುವವರು ಯಾರು?

ಬರೀ ಕೇಳುಗ:
ಇದಕ್ಕಿಂತ ಚೆನ್ನಾಗಿ ಹೇಳಕ್ಕಾಗಲ್ಲ 👏

ಹಳೇ ರೆಕಾರ್ಡು:
ಕಲೆಗೂ ದುಡ್ಡಿಗೂ ಸಂಬಂಧವೇ ಇಲ್ಲದ ಒಂದು ಹಳೇ ಕಾಲ ಇತ್ತು ಅನ್ನುವ ನಂಬಿಕೆಯೇ ನನಗೆ ಒಪ್ಪಿಗೆ ಇಲ್ಲ. ಬಾಖ್ ಹೆಸರು ಕೇಳಿದ್ದೀರಿ. ಜರ್ಮನಿಯಲ್ಲಿ ದೇವರ ಸಂಗೀತ ಬರೆದವನು. ಅವನು 1730ರಲ್ಲಿ ಗೆಳೆಯ ಎರ್ಡ್‌ಮನ್‌ಗೆ ಬರೆದ ಕಾಗದ ಉಳಿದಿದೆ. ಸಂಬಳ ಸಾಲದು, ಜೀವನ ದುಬಾರಿ ಅಂತ ಬರೆದು, ಶವಸಂಸ್ಕಾರಗಳಲ್ಲಿ ಸಿಗುವ ಸಂಗೀತದ ಶುಲ್ಕದ ಲೆಕ್ಕವನ್ನೂ ಬರೆದಿದ್ದಾನೆ. ಹೋದ ವರ್ಷ ಲೈಪ್‌ಜಿಗ್‌ನಲ್ಲಿ ಹವಾಮಾನ ಚೆನ್ನಾಗಿತ್ತು, ಸಾಯುವವರು ಕಡಿಮೆ ಆದರು, ಅದರಿಂದ 100 ಥಾಲರ್‌ಗಿಂತ ಜಾಸ್ತಿ ನಷ್ಟ ಆಯಿತು ಅಂತ! ಮನೆ ತುಂಬಾ ಮಕ್ಕಳಿದ್ದ ಮನುಷ್ಯ ಲೆಕ್ಕ ಹಾಕಲೇಬೇಕು. ಆ ಲೆಕ್ಕದಿಂದ ಅವನ ಸಂಗೀತ ಕೆಟ್ಟಿತಾ?

ಇನ್ನೊಂದು ವಿಷಯ. 1717ರಲ್ಲಿ ಅದೇ ಬಾಖ್ ಬೇರೆ ಕಡೆ ಕೆಲಸ ಸಿಕ್ಕಿತು, ಬಿಡುಗಡೆ ಕೊಡಿ ಅಂತ ಪಟ್ಟು ಹಿಡಿದಾಗ ಅವನ ಯಜಮಾನನಾಗಿದ್ದ ವೈಮರ್‌ನ ಡ್ಯೂಕ್ ಅವನನ್ನು ಸುಮಾರು ನಾಲ್ಕು ವಾರ ಬಂಧನದಲ್ಲಿ ಇಟ್ಟ. ಆಶ್ರಯ ಅಂದರೆ ಅದು. ಹೈಡನ್ ಅನ್ನುವ ಇನ್ನೊಬ್ಬ ಸಂಗೀತ ರಚನೆಕಾರ 1761ರಲ್ಲಿ ಎಸ್ಟರ್‌ಹಾಜಿ ಅನ್ನುವ ರಾಜಕುಮಾರರ ಮನೆತನಕ್ಕೆ ಕೆಲಸಕ್ಕೆ ಸೇರಿದಾಗ ಮಾಡಿಕೊಂಡ ಕರಾರಿನ ಪ್ರಕಾರ ಅವನು ಬರೆದ ಸಂಗೀತ ಎಲ್ಲಾ ರಾಜಕುಮಾರನದು, ಪ್ರತಿ ಮಾಡಿ ಹೊರಗೆ ಯಾರಿಗೂ ಕೊಡುವ ಹಾಗಿಲ್ಲ. ಆ ಷರತ್ತು ಸಡಿಲ ಆಗಿದ್ದು 1779ರ ಹೊಸ ಕರಾರಿನಲ್ಲಿ. ಆಮೇಲೆ ತಾನೇ ಸಂಗೀತ ಅಚ್ಚು ಹಾಕಿಸಿ ಮಾರಿದ, ಲಂಡನ್ನಿಗೆ ಹೋಗಿ ಟಿಕೆಟ್ ಕೊಂಡು ಬರುವ ಜನರಿಗಾಗಿ ಬರೆದ. ಅವನಿಗೆ ಸ್ವಾತಂತ್ರ್ಯ ತಂದುಕೊಟ್ಟಿದ್ದು ಮಾರುಕಟ್ಟೆ. ಮಂದ್ರಸ್ಥಾಯಿ ಅವರೇ, ಮುಲಾಜಿನ ಮಾತು ನೀವೇ ಎತ್ತಿದ್ದರಿಂದ ಹೇಳುತ್ತಿದ್ದೇನೆ. ನೂರಾರು ಜನ ಸ್ವಲ್ಪ ಸ್ವಲ್ಪ ಕೊಟ್ಟರೆ ಯಾರ ಮುಲಾಜೂ ಇರಲ್ಲ. ಒಬ್ಬನೇ ಪೂರ್ತಿ ಕೊಟ್ಟರೆ ಮಾತ್ರ ಇರುತ್ತೆ.

ಮಂದ್ರಸ್ಥಾಯಿ:
ನೂರಾರು ಜನರ ಮುಲಾಜು ಒಬ್ಬ ರಾಜನ ಮುಲಾಜಿಗಿಂತ ಕಡಿಮೆ ಅಂತ ಯಾರು ಹೇಳಿದ್ದು? ರಾಜನಿಗೆ ಕೆಲವೊಮ್ಮೆ ಒಳ್ಳೆಯ ಕಿವಿ ಇರುತ್ತಿತ್ತು.

ಏಕತಾಳ:
ಕಿವಿ ಇತ್ತೋ ಇಲ್ಲವೋ, ಬೀಗದ ಕೈ ಅಂತೂ ಅವನ ಹತ್ತಿರ ಇತ್ತು.

ಸಂಜೆರಾಗ:
ನಾನು ಬೇರೆ ಕಡೆಯಿಂದ ಮಾತಾಡುತ್ತೇನೆ, ದಯವಿಟ್ಟು ಪೂರ್ತಿ ಓದಿ. ನನಗೆ ಬೇರೆ ಕೆಲಸ ಇದೆ, ಸಂಬಳ ಬರುತ್ತೆ. ಸಂಜೆ ಮತ್ತು ರಜೆಯಲ್ಲಿ ಹಾಡುತ್ತೇನೆ, ಕರೆದ ಕಡೆ ಹೋಗುತ್ತೇನೆ, ದುಡ್ಡು ತಗೊಳ್ಳಲ್ಲ. ಬೇಡ ಅಂತ ನಾನೇ ನಿರ್ಧಾರ ಮಾಡಿದ್ದು. ಆಫೀಸಿನಲ್ಲಿ ದಿನವಿಡೀ ಗುರಿ, ಗಡುವು, ಲೆಕ್ಕ. ಹಾಡುವಾಗ ಮಾತ್ರ ಯಾರಿಗೂ ಏನನ್ನೂ ಸಾಬೀತು ಮಾಡಬೇಕಾಗಿಲ್ಲ. ಆ ಒಂದು ಜಾಗಕ್ಕೆ ದುಡ್ಡು ಬರಬಾರದು ಅನ್ನುವುದು ನನ್ನ ಆಸೆ. ದುಡ್ಡು ತಗೊಳ್ಳುವವರನ್ನು ನಾನು ಕೀಳಾಗಿ ನೋಡಲ್ಲ. ಆದರೆ ತಗೊಳ್ಳದೆ ಹಾಡುವುದಕ್ಕೂ ಒಂದು ಬೆಲೆ ಇದೆ ಅಂತ ಈ ಚರ್ಚೆಯಲ್ಲಿ ಯಾರಾದರೂ ಒಪ್ಪಿಕೊಳ್ಳಿ.

ಚಾರ್ಲ್ಸ್ ಐವ್ಸ್ ವಿಮೆ ವ್ಯಾಪಾರ ಮಾಡಿಕೊಂಡೇ ಸಂಗೀತ ಬರೆದ. ಬೊರೊಡಿನ್ ರಸಾಯನ ಶಾಸ್ತ್ರದ ಪ್ರೊಫೆಸರ್. ಇವರು ಯಾರೂ ಸಂಗೀತದಿಂದ ಹೊಟ್ಟೆ ಹೊರೆಯಲಿಲ್ಲ, ಆದ್ದರಿಂದಲೇ ತಮಗೆ ಬೇಕಾದ್ದನ್ನು ಬರೆದರು.

ಹಳೇ ರೆಕಾರ್ಡು:
ಬೊರೊಡಿನ್ ವಿಷಯದಲ್ಲಿ ಒಂದು ತಿದ್ದುಪಡಿ ಮೇಡಂ. ಅವನ ದೊಡ್ಡ ಆಪೆರಾ, ಅಂದರೆ ಹಾಡಿನ ನಾಟಕ, ವರ್ಷಾನುಗಟ್ಟಲೆ ಕುಂಟುತ್ತಾ ಸಾಗಿತು. 1887ರಲ್ಲಿ ಅವನು ತೀರಿಕೊಂಡಾಗ ಅದು ಅರ್ಧಕ್ಕೇ ನಿಂತಿತ್ತು. ರಿಮ್‌ಸ್ಕಿ-ಕೋರ್ಸಕೋವ್ ಮತ್ತು ಗ್ಲಾಜುನೋವ್ ಅನ್ನುವ ಇಬ್ಬರು ರಚನೆಕಾರರು ಕೂತು ಮುಗಿಸಿದರು. ಪಾಠ, ಪ್ರಯೋಗಾಲಯ, ಕಮಿಟಿ ಇವುಗಳ ನಡುವೆ ಅವನಿಗೆ ಬರೆಯಲು ಹೊತ್ತೇ ಸಿಗುತ್ತಿರಲಿಲ್ಲ. ಬೇರೆ ಕೆಲಸ ಇದ್ದರೆ ಸ್ವಾತಂತ್ರ್ಯ ಇರುತ್ತೆ, ನಿಜ. ಆದರೆ ಆ ಸ್ವಾತಂತ್ರ್ಯ ಬಳಸಿಕೊಳ್ಳಲು ಹೊತ್ತು ಇರಲ್ಲ.

ಏಕತಾಳ:
ಸಂಜೆರಾಗ ಅಕ್ಕ, ನಿಮ್ಮ ಮೇಲೆ ಸಿಟ್ಟಿಲ್ಲ ಅಂತ ಮೊದಲೇ ಹೇಳಿಬಿಡುತ್ತೇನೆ, ಯಾಕಂದರೆ ಮುಂದಿನ ಮಾತು ಸ್ವಲ್ಪ ಖಾರ ಇರುತ್ತೆ. ನಾನು ಮೃದಂಗ ನುಡಿಸಿ ಮನೆ ನಡೆಸುತ್ತೇನೆ. ವರ್ಷ ವರ್ಷ ಕರೆಯುತ್ತಿದ್ದ ಒಂದು ಕಡೆಯಿಂದ ಕರೆ ನಿಂತುಹೋಯಿತು. ಯಾಕೆ ಅಂತ ವಿಚಾರಿಸಿದರೆ "ಈ ಸಲ ಒಬ್ಬರು ಫ್ರೀಯಾಗಿ ನುಡಿಸ್ತಾರೆ, ಒಳ್ಳೇ ಕೆಲಸದಲ್ಲಿದ್ದಾರೆ, ದುಡ್ಡು ಬೇಡ ಅಂದ್ರು" ಅಂತ ಖುಷಿಯಿಂದ ಹೇಳಿದರು. ಆ ಮನುಷ್ಯರು ಒಳ್ಳೆಯವರೇ. ಚೆನ್ನಾಗಿಯೇ ನುಡಿಸುತ್ತಾರೆ. ಆದರೆ ಅವರು ಬಿಟ್ಟುಕೊಟ್ಟ ದುಡ್ಡು ಅವರದಾಗಿರಲಿಲ್ಲ, ನನ್ನದಾಗಿತ್ತು. ಈ ಮಾತು ಅವರಿಗೆ ಯಾವತ್ತೂ ತಿಳಿಯಲ್ಲ, ಯಾಕಂದರೆ ನನ್ನ ಹಾಗೆ ಕೆಲಸ ಕಳಕೊಂಡವರು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ನೀವು ಮನೆಯಲ್ಲಿ ಹಾಡಿ, ಗೆಳೆಯರ ಮುಂದೆ ಹಾಡಿ, ಆಸ್ಪತ್ರೆಯಲ್ಲಿ ಹಾಡಿ, ಯಾರು ಬೇಡ ಅಂತಾರೆ. ಆದರೆ ಟಿಕೆಟ್ ಮಾರುವ ಕಡೆ, ಪ್ರಾಯೋಜಕರ ಬ್ಯಾನರ್ ತೂಗು ಹಾಕಿರುವ ಕಡೆ ಪುಕ್ಕಟೆ ಹಾಡಿದರೆ ಆ ದಾನ ಹೋಗುವುದು ಸಂಗೀತಕ್ಕಲ್ಲ, ಆಯೋಜಕರ ಜೇಬಿಗೆ.

ಸಂಜೆರಾಗ:
ಖಾರ ಇದೆ, ಆದರೂ ಯೋಚನೆ ಮಾಡುವಂಥ ಮಾತು. ಒಂದು ಪ್ರಶ್ನೆ ಮಾತ್ರ. ಹಾಗಾದರೆ ನನ್ನಂಥವರು ದೊಡ್ಡ ವೇದಿಕೆ ಹತ್ತಲೇಬಾರದಾ? ಹೊಟ್ಟೆಪಾಡಿಗೆ ಹಾಡುವವರಿಗೆ ಮಾತ್ರ ವೇದಿಕೆಯ ಹಕ್ಕು ಅನ್ನುವುದು ಸರಿಯಾ?

ಕೊಳಲು ಕಲಿಯುವೆ:
ಹತ್ತಬಹುದು ಮೇಡಂ, ಎಲ್ಲರಿಗೂ ಕೊಡುವ ಸಂಭಾವನೆ ನೀವೂ ಕೇಳಿ ತಗೊಳ್ಳಿ. ಆಮೇಲೆ ನಿಮಗೆ ಬೇಡ ಅನಿಸಿದರೆ ಯಾರಿಗಾದರೂ ಕೊಡಿ. ಆಗ ಯಾರ ಕೆಲಸವೂ ಅಗ್ಗ ಆಗಲ್ಲ.

ಹಳೇ ರೆಕಾರ್ಡು:
ಹ್ಯಾಂಡಲ್ ಅನ್ನುವ ಸಂಗೀತ ರಚನೆಕಾರ ಸುಮಾರು ಹೀಗೇ ಬದುಕಿದ. ಟಿಕೆಟ್ ಇಟ್ಟು ಕಾರ್ಯಕ್ರಮ ಮಾಡಿ ದುಡ್ಡು ಮಾಡಿದ, ಕೊನೆಗೆ ಸಾಕಷ್ಟು ಆಸ್ತಿ ಬಿಟ್ಟು ಸತ್ತ. ಅದರ ಜೊತೆಗೇ 1750ರಿಂದ ಲಂಡನ್ನಿನ ಫೌಂಡ್ಲಿಂಗ್ ಆಸ್ಪತ್ರೆ ಅನ್ನುವ ಅನಾಥ ಮಕ್ಕಳ ಆಶ್ರಯಕ್ಕಾಗಿ ವರ್ಷ ವರ್ಷ ಕಾರ್ಯಕ್ರಮ ನಡೆಸಿ ಬಂದ ಹಣ ಅಲ್ಲಿಗೇ ಕೊಟ್ಟ. ಅಲ್ಲೂ ಜನ ಟಿಕೆಟ್ ಕೊಂಡೇ ಬಂದರು, ಪುಕ್ಕಟೆ ಅಲ್ಲ.

ಸಂಜೆರಾಗ:
ಇದು ನನಗೆ ಇಷ್ಟ ಆಯಿತು. ಮುಂದಿನ ಸಲ ಸಂಭಾವನೆ ತಗೊಂಡು ಪಕ್ಕವಾದ್ಯದವರಿಗೆ ಸೇರಿಸಿ ಕೊಡುತ್ತೇನೆ. ಆದರೂ ದುಡ್ಡಿನ ಲಕೋಟೆ ನನ್ನ ಕೈಗೆ ಬರುವ ಆ ಕ್ಷಣ ನನಗೆ ಹಿಡಿಸಲ್ಲ, ಅದು ಯಾವತ್ತೂ ಹಿಡಿಸಲ್ಲ.

ಜಗಲಿ:
ವಾಷಿಂಗ್ಟನ್ನಿನ ಮೆಟ್ರೋ ನಿಲ್ದಾಣದಲ್ಲಿ ಹೆಸರಾಂತ ಪಿಟೀಲು ವಾದಕ ಜೋಶುವಾ ಬೆಲ್ ನುಡಿಸಿದ್ದು ಗೊತ್ತಲ್ವಾ? 2007ರಲ್ಲಿ. ಸಾವಿರಕ್ಕೂ ಜಾಸ್ತಿ ಜನ ಪಕ್ಕದಲ್ಲೇ ಹಾದು ಹೋದರು, ಮುಕ್ಕಾಲು ಗಂಟೆಗೆ ಬಿದ್ದಿದ್ದು 32 ಡಾಲರ್ ಚಿಲ್ಲರೆ. ಜನ ಸಂಗೀತಕ್ಕೆ ಕೊಡುವ ನಿಜವಾದ ಬೆಲೆ ಅಷ್ಟೇ ಅಂತ ಆಯಿತಲ್ಲ.

ಏಕತಾಳ:
ಆಫೀಸಿಗೆ ಓಡುವ ಹೊತ್ತಲ್ಲಿ ನಿಲ್ಲಿಸಿ ಕೇಳು ಅಂದರೆ ಯಾರು ಕೇಳ್ತಾರೆ? ಅದರಿಂದ ಜನರಿಗೆ ಬೆಳಗ್ಗೆ ಹೊತ್ತಿರಲ್ಲ ಅಂತ ಗೊತ್ತಾಯಿತು, ಬೇರೇನೂ ಇಲ್ಲ.

ಬರೀ ಕೇಳುಗ:
ನಾನು ಬರೀ ಕೇಳುವವನು, ಒಂದು ಸಾಲೂ ಹಾಡಲು ಬರಲ್ಲ. ನನ್ನ ಕಡೆಯ ಮಾತು ಹೇಳುತ್ತೇನೆ. ಪ್ರತಿ ತಿಂಗಳು ಹಾಡು ಕೇಳುವ ಆ್ಯಪ್‌ಗೆ ಚಂದಾ ಕಟ್ಟುತ್ತೇನೆ. ಕೇಳುವುದು ಹೆಚ್ಚಿನಂಶ ಇಬ್ಬರು ಮೂವರು ಸಣ್ಣ ಕಲಾವಿದರನ್ನು. ನನ್ನ ದುಡ್ಡು ಅವರಿಗೆ ಹೋಗುತ್ತಿದೆ ಅಂತ ನೆಮ್ಮದಿಯಿಂದ ಇದ್ದೆ. ಹಾಗಲ್ಲ ಅಂತ ಯಾರೋ ಹೇಳಿದರು. ನಿಜಾನಾ?

ಲೆಕ್ಕಪತ್ರ:
ನಿಜ. ಇದು ನನ್ನ ಕೆಲಸಕ್ಕೆ ಸಂಬಂಧಪಟ್ಟದ್ದು, ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ದೊಡ್ಡ ಆ್ಯಪ್‌ಗಳಲ್ಲಿ ಸಾಮಾನ್ಯವಾಗಿ ಎಲ್ಲರ ಚಂದಾ ಮತ್ತು ಜಾಹೀರಾತಿನ ಹಣ ಒಂದು ಗುಡ್ಡೆ ಆಗುತ್ತೆ. ಅದರಲ್ಲಿ ಕಂಪನಿ ತನ್ನ ಪಾಲು ತೆಗೆದು, ಉಳಿದಿದ್ದನ್ನು ಆ ತಿಂಗಳು ಎಲ್ಲರೂ ಕೇಳಿದ ಒಟ್ಟು ಲೆಕ್ಕದಲ್ಲಿ ಯಾರ ಹಾಡು ಎಷ್ಟು ಸಲ ಅನ್ನುವುದರ ಮೇಲೆ ಹಂಚುತ್ತೆ. ಅಂದರೆ ನೀವು ತಿಂಗಳಿಡೀ ಒಬ್ಬರನ್ನೇ ಕೇಳಿದರೂ ನಿಮ್ಮ ಚಂದಾ ಅವರಿಗೇ ಹೋಗಲ್ಲ. ದಿನವಿಡೀ ಹಾಡು ಹಾಕಿಕೊಂಡೇ ಇರುವ ಬೇರೆಯವರ ಆಯ್ಕೆಯ ಕಡೆಗೆ ಅದರ ದೊಡ್ಡ ಪಾಲು ಹರಿದು ಹೋಗುತ್ತೆ. ಕೇಳುಗನ ಚಂದಾ ಅವನು ಕೇಳಿದವರಿಗೇ ಹೋಗುವ ಇನ್ನೊಂದು ಪದ್ಧತಿಯೂ ಇದೆ, ಸೌಂಡ್‌ಕ್ಲೌಡ್ ಅನ್ನುವ ಆ್ಯಪ್ 2021ರಲ್ಲಿ ಅದನ್ನು ಶುರು ಮಾಡಿತು. ಸ್ಪಾಟಿಫೈ 2024ರಿಂದ ಇನ್ನೊಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ 1,000 ಸಲವಾದರೂ ಕೇಳಿಸಿಕೊಳ್ಳದ ಹಾಡಿಗೆ ರೆಕಾರ್ಡಿಂಗ್ ರಾಯಲ್ಟಿ, ಅಂದರೆ ಬಳಕೆಗೆ ಬರುವ ಹಣದ ಪಾಲು, ಇಲ್ಲವೇ ಇಲ್ಲ.

ಇನ್ನು ಇದರಲ್ಲಿ ಎರಡು ಹಕ್ಕು ಇದೆ, ಹೆಚ್ಚಿನವರು ಎರಡನ್ನೂ ಒಂದೇ ಅಂದುಕೊಳ್ಳುತ್ತಾರೆ. ಹಾಡು ಬರೆದು ರಾಗ ಹಾಕಿದವರದು ಒಂದು. ರೆಕಾರ್ಡಿಂಗ್ ಯಾರ ಕೈಯಲ್ಲಿದೆಯೋ ಅವರದು ಇನ್ನೊಂದು. ಪಿಟೀಲು ನುಡಿಸಿದವರು, ತಾಳ ಹಾಕಿದವರು ಬಹಳ ಸಲ ಎರಡರಲ್ಲೂ ಇರಲ್ಲ. ಅವತ್ತಿನ ಸ್ಟುಡಿಯೋ ದುಡ್ಡು ತಗೊಂಡು ಹೋದರೆ ಮುಗಿಯಿತು, ಆ ಹಾಡು ಎಷ್ಟೇ ಓಡಲಿ.

ಏಕತಾಳ:
ಕೊನೆಯ ಸಾಲು ಎಲ್ಲರೂ ಇನ್ನೊಂದು ಸಲ ಓದಿ. ದಿ ವಿನ್‌ಸ್ಟನ್ಸ್ ಅನ್ನುವ ತಂಡದ 1969ರ ಒಂದು ಹಾಡಿನಲ್ಲಿ ಗ್ರೆಗರಿ ಕೋಲ್‌ಮನ್ ಬಾರಿಸಿದ ಕೆಲವೇ ಸೆಕೆಂಡಿನ ಡ್ರಮ್ ತುಣುಕು ಇದೆ. ಸಾವಿರಾರು ಹಾಡಿನಲ್ಲಿ ಅದನ್ನು ಕತ್ತರಿಸಿ ಹಾಕಿಕೊಂಡಿದ್ದಾರೆ, ಕೆಲವು ಬಗೆಯ ನೃತ್ಯ ಸಂಗೀತ ಪೂರ್ತಿ ಅದರ ಮೇಲೇ ನಿಂತಿದೆ. ಬಾರಿಸಿದವನಿಗೆ ಒಂದು ಕಾಸೂ ರಾಯಲ್ಟಿ ಬರಲಿಲ್ಲ. 2006ರಲ್ಲಿ ತೀರಿಕೊಂಡಾಗ ಅವನಿಗೆ ಮನೆ ಕೂಡ ಇರಲಿಲ್ಲ. ಈ ವಿಷಯ ನೆನಪಾದರೆ ಈಗಲೂ ನನ್ನ ಕೈ ನಡುಗುತ್ತೆ. ಈಗ ಹೇಳಿ ಮಂದ್ರಸ್ಥಾಯಿ ಸರ್, ಅವನು ದುಡ್ಡು ಕೇಳಿದ್ದರೆ ಆ ತಾಳ ಕೆಡುತ್ತಿತ್ತಾ?

ಮಂದ್ರಸ್ಥಾಯಿ:
ಇಲ್ಲ, ಕೆಡುತ್ತಿರಲಿಲ್ಲ. ಅದು ಅನ್ಯಾಯವೇ, ಎರಡು ಮಾತಿಲ್ಲ. ಆದರೆ ನನ್ನ ಮಾತನ್ನು ನೀವು ಬೇರೆ ಕಡೆ ಎಳೆಯುತ್ತಿದ್ದೀರಿ. ನುಡಿಸಿದವನಿಗೆ ದುಡ್ಡು ಸಿಗಬಾರದು ಅಂತ ನಾನು ಎಲ್ಲೂ ಹೇಳಿಲ್ಲ. ದುಡ್ಡಿಗಾಗಿ ಏನು ನುಡಿಸಬೇಕು ಅಂತ ತೀರ್ಮಾನ ಮಾಡಬಾರದು ಅಂತ ಹೇಳಿದ್ದು. ನುಡಿಸಿ ಆದ ಮೇಲೆ ಬರಲಿ, ಎಷ್ಟು ಬೇಕಾದರೂ ಬರಲಿ. ಬರುತ್ತೆ ಅಂತ ಮೊದಲೇ ಲೆಕ್ಕ ಹಾಕಿ ರಾಗ ಆಯ್ಕೆ ಮಾಡಿದರೆ ಅದು ನನಗೆ ಕೇಳಿಸುತ್ತೆ. ಈಗಂತೂ ಮೊದಲ ಕೆಲವು ಸೆಕೆಂಡಿನಲ್ಲೇ ಕೇಳುವವರನ್ನು ಹಿಡಿಯಬೇಕು ಅಂತ ಹಾಡನ್ನೇ ಹಾಗೆ ಕಟ್ಟುತ್ತಾರೆ. ಆ್ಯಪ್‌ನಲ್ಲಿ 30 ಸೆಕೆಂಡ್ ಕೇಳಿದರೆ ಮಾತ್ರ ಲೆಕ್ಕಕ್ಕೆ ಬರುತ್ತಂತೆ, ಅಲ್ವಾ ಲೆಕ್ಕಪತ್ರ ಅವರೇ?

ಲೆಕ್ಕಪತ್ರ:
ಹೌದು, ಸ್ಪಾಟಿಫೈನಲ್ಲಿ 30 ಸೆಕೆಂಡ್. ನಿಮ್ಮ ಈ ಮಾತನ್ನು ನಾನು ಒಪ್ಪುತ್ತೇನೆ ಸರ್. ದುಡ್ಡು ಹೇಗೆ ಬರುತ್ತೆ ಅನ್ನುವುದು ಸಂಗೀತದ ಆಕಾರವನ್ನು ಬದಲಿಸುತ್ತೆ. ಹಾಗಂತ ದುಡ್ಡೇ ಬೇಡ ಅನ್ನಬಾರದು, ಬರುವ ದಾರಿ ಸರಿ ಮಾಡಬೇಕು.

ಹಳೇ ರೆಕಾರ್ಡು:
ದಾರಿ ಸರಿ ಮಾಡಿದ್ದಕ್ಕೆ ಒಂದು ಒಳ್ಳೇ ಪ್ರಸಂಗ ಇದೆ. ಪ್ಯಾರಿಸ್ಸಿನ ಒಂದು ಕೆಫೆ, 1847. ಅರ್ನೆಸ್ಟ್ ಬೂರ್ಜೆ ಅನ್ನುವ ಸಂಗೀತಗಾರ ಅಲ್ಲಿ ಕೂತಿದ್ದಾನೆ, ಅವನದೇ ಹಾಡು ನುಡಿಸುತ್ತಿದ್ದಾರೆ, ಅವನಿಗೆ ಏನೂ ಕೊಟ್ಟಿಲ್ಲ. ಬಿಲ್ಲು ಬಂದಾಗ ಅವನು ಕೊಡಲ್ಲ ಅಂದ. ನನ್ನ ಸಂಗೀತ ನೀವು ಪುಕ್ಕಟೆ ಬಳಸುತ್ತೀರಿ, ಹಾಗಾದರೆ ನಿಮ್ಮ ಪಾನಕಕ್ಕೆ ನಾನು ಯಾಕೆ ಕೊಡಲಿ ಅನ್ನುವುದು ವಾದ. ಕೋರ್ಟಿಗೆ ಹೋಯಿತು, ಗೆದ್ದ. ಆಮೇಲೆ 1851ರಲ್ಲಿ ಹಾಡು ಬರೆಯುವವರು, ರಾಗ ಹಾಕುವವರು, ಪ್ರಕಾಶಕರು ಸೇರಿ ಸಾಸೆಮ್ ಅನ್ನುವ ಸಂಘ ಕಟ್ಟಿದರು. ಎಲ್ಲೇ ಸಾರ್ವಜನಿಕವಾಗಿ ಹಾಡು ನುಡಿಸಿದರೂ ವಸೂಲಿ ಮಾಡಿ ಸದಸ್ಯರಿಗೆ ಹಂಚುವ ಸಂಘ. ಇವತ್ತಿಗೂ ಇದೆ. ಬೇರೆ ದೇಶಗಳಲ್ಲಿ ಇರುವ ಇಂಥ ಸಂಘಗಳಿಗೂ ಇದೇ ಮಾದರಿ.

ಕೊಳಲು ಕಲಿಯುವೆ:
ಇದು ಬರೆದವರಿಗೆ ಆಯಿತು. ನುಡಿಸಿದವರಿಗೆ?

ಹಳೇ ರೆಕಾರ್ಡು:
ಅವರಿಗೆ ಬಹಳ ತಡವಾಗಿ ಬಂತು, ಕೆಲವು ಕಡೆ ಇನ್ನೂ ಬಂದಿಲ್ಲ. ಅಮೆರಿಕದಲ್ಲಿ ಸಾಮಾನ್ಯ ರೇಡಿಯೋದಲ್ಲಿ ಹಾಡು ಹಾಕಿದರೆ ಬರೆದವರಿಗೆ ಹಣ ಹೋಗುತ್ತೆ, ಹಾಡಿದವರಿಗೂ ನುಡಿಸಿದವರಿಗೂ ಇಲ್ಲ. ಈಗಲೂ. 1942ರಲ್ಲಿ ಅಲ್ಲಿನ ವಾದ್ಯಗಾರರ ಒಕ್ಕೂಟ ರೆಕಾರ್ಡಿಂಗನ್ನೇ ನಿಲ್ಲಿಸಿಬಿಟ್ಟಿತು. ನಮ್ಮದೇ ರೆಕಾರ್ಡು ಹಾಕಿ ನಮ್ಮ ಕೆಲಸ ಕಿತ್ತುಕೊಳ್ಳುತ್ತಿದ್ದೀರಿ ಅನ್ನುವುದು ಸಿಟ್ಟು. ಎರಡು ವರ್ಷಕ್ಕೂ ಜಾಸ್ತಿ ನಡೆಯಿತು. ಕಂಪನಿಗಳು ಒಂದೊಂದಾಗಿ ಬಗ್ಗಿ, ಮಾರಾಟವಾದ ರೆಕಾರ್ಡಿನ ಮೇಲೆ ವಾದ್ಯಗಾರರ ನಿಧಿಗೆ ಹಣ ಕೊಡಲು ಒಪ್ಪಿದವು. ಒಗ್ಗಟ್ಟಾಗಿ ಕೇಳಿದ್ದರಿಂದ ಸಿಕ್ಕಿತು.

ಲೆಕ್ಕಪತ್ರ:
ಭಾರತದ ಕಾನೂನಿನಲ್ಲೂ 2012ರ ತಿದ್ದುಪಡಿ ಆದ ಮೇಲೆ, ಸಿನಿಮಾ ಹಾಡು ಬರೆದವರು ಮತ್ತು ಸಂಗೀತ ಕೊಟ್ಟವರು ಸಿನಿಮಾ ಮಂದಿರದ ಹೊರಗಿನ ಬಳಕೆಗೆ ಬರುವ ರಾಯಲ್ಟಿಯ ಪಾಲನ್ನು ನಿರ್ಮಾಪಕರಿಗೆ ಬರೆದುಕೊಟ್ಟುಬಿಡಲು ಆಗಲ್ಲ. ಬರೆದುಕೊಟ್ಟರೂ ಆ ಮಾತು ನಿಲ್ಲಲ್ಲ. ಮೊದಲು ಒಂದು ಸಹಿಯಲ್ಲಿ ಎಲ್ಲಾ ಹೋಗುತ್ತಿತ್ತು.

ತೂಕಡಿಕೆ:
ಸ್ವಲ್ಪ ಬೇರೆ ವಿಷಯ, ಕ್ಷಮಿಸಿ. ಕಾರ್ಯಕ್ರಮ ಪೂರ್ತಿ ಫೋನಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕುವವರ ಬಗ್ಗೆ ಏನಂತೀರಿ? ನಾನು ದೂರ ಇರುವವನು, ಅಂಥ ವಿಡಿಯೋ ಇಲ್ಲದಿದ್ದರೆ ನನಗೆ ಎಷ್ಟೋ ಕಲಾವಿದರು ಗೊತ್ತೇ ಆಗುತ್ತಿರಲಿಲ್ಲ.

ಒಂಟಿತಂತಿ:
ಒಂದು ತುಣುಕು ಹಾಕಿದರೆ ನನಗೆ ಖುಷಿಯೇ. ಪೂರ್ತಿ ಹಾಕಿದರೆ ಬೇಜಾರು. ದುಡ್ಡಿಗಿಂತ ಜಾಸ್ತಿ ಬೇರೆ ಕಾರಣಕ್ಕೆ. ಅವತ್ತು ನಾನು ಹೊಸದಾಗಿ ಏನೋ ಪ್ರಯತ್ನ ಮಾಡುತ್ತಿರುತ್ತೇನೆ, ಅದು ಅರ್ಧ ಕೂಡಿ ಬಂದಿರುತ್ತೆ, ಅರ್ಧ ಇಲ್ಲ. ಅದನ್ನು ಇಡೀ ಜಗತ್ತಿಗೆ ತೋರಿಸಬೇಕಾ ಅಂತ ನನ್ನನ್ನು ಕೇಳಬೇಕು ತಾನೇ? ಕ್ಯಾಮೆರಾ ಇದೆ ಅಂತ ಗೊತ್ತಾದರೆ ಆ ಪ್ರಯತ್ನವೇ ಮಾಡಲ್ಲ, ಗೊತ್ತಿರುವುದನ್ನೇ ನುಡಿಸಿ ಎದ್ದು ಬರುತ್ತೇನೆ.

ಮಂದ್ರಸ್ಥಾಯಿ:
ಇದು ನೂರಕ್ಕೆ ನೂರು ಸರಿ. ಫೋನು ಎತ್ತಿ ಹಿಡಿದವರ ಹಿಂದೆ ಕೂರುವುದೂ ಒಂದು ಶಿಕ್ಷೆ.

ಮಿಕ್ಸರ್:
ನಾನು ಮೈಕ್, ಸ್ಪೀಕರ್ ಕಡೆಯವನು. ಮೊದಲ ಪೋಸ್ಟಿನಲ್ಲಿ ಮೈಕಿಗೆ ದುಡ್ಡು ಇದೆ ಅಂದಿದ್ದೀರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ನಮಗೆ ಸಿಗುವುದಕ್ಕೆ ಕಾರಣ ನಮ್ಮ ಕೆಲಸ ದೊಡ್ಡದು ಅಂತ ಅಲ್ಲ, ನಾವು ಮುಂಗಡ ಬರದೆ ಗಾಡಿಗೆ ಸಾಮಾನು ಏರಿಸಲ್ಲ ಅಂತ ಎಲ್ಲರಿಗೂ ಗೊತ್ತು. ನಮ್ಮನ್ನು ಯಾರೂ "ನೀವು ಕಲಾವಿದರು" ಅಂತ ಹೊಗಳಲ್ಲ, ಆದ್ದರಿಂದ ಯಾರೂ ಚೌಕಾಸಿ ಬಿಟ್ಟು ಬೇರೆ ನಾಟಕ ಮಾಡಲ್ಲ. ನೀವೂ ಕಾಗದದ ಮೇಲೆ ಬರೆಸಿಕೊಳ್ಳಿ. ದಿನ, ಎಷ್ಟು ಹೊತ್ತು, ಎಷ್ಟು ಜನ, ಎಷ್ಟು ದುಡ್ಡು, ಮುಂಗಡ ಎಷ್ಟು, ರದ್ದಾದರೆ ಏನು. ವಾಟ್ಸಾಪ್ ಮೆಸೇಜ್ ಆದರೂ ಸಾಕು, ಬಾಯಿ ಮಾತಿಗಿಂತ ಮೇಲು.

ಹಾಗೇ ಇನ್ನೊಂದು, ಸ್ಟೇಜಿನ ಮೇಲೆ ಮಾನಿಟರ್, ಅಂದರೆ ನಿಮ್ಮ ಕಡೆ ತಿರುಗಿಸಿಟ್ಟ ಸ್ಪೀಕರ್, ಜೋರಾಗಿ ಇಡಿ ಅಂತ ಎಲ್ಲರೂ ಜಗಳ ಆಡುತ್ತೀರಿ. ಶಬ್ದ 85 ಡೆಸಿಬೆಲ್ ಇದ್ದರೆ ಕಿವಿಗೆ ಅಪಾಯ ಆಗದ ಹಾಗೆ ಎಂಟು ಗಂಟೆ ಇರಬಹುದು. ಅದರ ಮೇಲೆ ಪ್ರತಿ 3 ಡೆಸಿಬೆಲ್‌ಗೆ ಆ ಹೊತ್ತು ಅರ್ಧ ಆಗುತ್ತೆ. 100 ಡೆಸಿಬೆಲ್ ಅಂದರೆ ಕಾಲು ಗಂಟೆ, ಅಷ್ಟೇ. ಕಿವಿ ಹೋದರೆ ಸಂಭಾವನೆ ಇಟ್ಟುಕೊಂಡು ಏನು ಮಾಡ್ತೀರಿ?

ಏಕತಾಳ:
ಕಿವಿಯ ಮಾತು ಎಲ್ಲಾ ತಾಳವಾದ್ಯದವರೂ ಓದಬೇಕು. ನನಗೆ ಬಲಗಿವಿಯಲ್ಲಿ ಈಗಲೇ ಗುಂಯ್ ಅನ್ನುತ್ತೆ. ಇದೂ ನಮ್ಮ ಖರ್ಚೇ, ಯಾವ ಆಯೋಜಕರ ಲೆಕ್ಕದಲ್ಲೂ ಇರಲ್ಲ.

ಹೊರಗಿನ ಸಾಲು:
ನಾನು ಒಂದು ಸಣ್ಣ ಬಳಗದಿಂದ ಕಾರ್ಯಕ್ರಮ ಮಾಡಿಸುವವಳು. ಆಯೋಜಕರನ್ನು ಎಲ್ಲರೂ ಕಳ್ಳರ ಥರ ಮಾತಾಡುತ್ತಿದ್ದೀರಿ, ನಮ್ಮ ಕಡೆಯದನ್ನೂ ಕೇಳಿ. ಟಿಕೆಟ್ ಇಟ್ಟರೆ ಜನ ಬರಲ್ಲ. ಪ್ರವೇಶ ಉಚಿತ ಅಂದರೆ ಬರುತ್ತಾರೆ, ಡಬ್ಬಿ ಇಟ್ಟರೆ ಅದರ ಪಕ್ಕದಿಂದಲೇ ಹೋಗುತ್ತಾರೆ. ಹಾಲ್‌ನವರು ಬಾಡಿಗೆ ಬಿಡಲ್ಲ. ಕೊನೆಗೆ ಉಳಿಯುವುದು ಕಲಾವಿದರ ಸಂಭಾವನೆ ಒಂದೇ, ಅದೇ ಕತ್ತರಿಸಲು ಸುಲಭ, ಯಾಕಂದರೆ ಅವರು ಮಾತ್ರ ಒಪ್ಪಿಕೊಳ್ಳುತ್ತಾರೆ. ಇದು ಸರಿ ಅಂತ ನಾನು ಹೇಳುತ್ತಿಲ್ಲ. ನಾವು ಈಗ ವರ್ಷದ ಕಾರ್ಯಕ್ರಮ ಅರ್ಧಕ್ಕೆ ಇಳಿಸಿದ್ದೇವೆ. ಮಾಡಿದಷ್ಟಕ್ಕೆ ಎಲ್ಲರಿಗೂ ಹೇಳಿದ ದಿನವೇ ದುಡ್ಡು ಕೊಡುತ್ತೇವೆ. ನಮ್ಮಲ್ಲೇ ಕೆಲವರಿಗೆ ಇದು ಇಷ್ಟ ಆಗಿಲ್ಲ, ಕಾರ್ಯಕ್ರಮ ಕಡಿಮೆ ಆಯಿತು ಅಂತ ಮುನಿಸು.

ಬರೀ ಕೇಳುಗ:
ಡಬ್ಬಿಯ ಪಕ್ಕದಿಂದ ಹೋಗುವವರ ಬಗ್ಗೆ ಕೇಳುಗನಾಗಿ ಹೇಳುತ್ತೇನೆ. ಎಷ್ಟು ಹಾಕಬೇಕು ಅಂತ ಗೊತ್ತಾಗಲ್ಲ, ಅದಕ್ಕೇ ಎಷ್ಟೋ ಜನ ಏನೂ ಹಾಕಲ್ಲ. ಒಂದು ಮೊತ್ತ ಬರೆದು ಇಡಿ. ಅದಕ್ಕಿಂತ ಕಡಿಮೆ ಹಾಕುವವರು ಹಾಕಲಿ.

ಜಗಲಿ:
ರೇಡಿಯೋಹೆಡ್ ತಂಡ 2007ರಲ್ಲಿ ಹೊಸ ಆಲ್ಬಮ್ಮನ್ನು ನಿಮಗೆ ಇಷ್ಟ ಬಂದಷ್ಟು ಕೊಟ್ಟು ಡೌನ್‌ಲೋಡ್ ಮಾಡಿಕೊಳ್ಳಿ ಅಂತ ಬಿಟ್ಟಿತ್ತು. ಸೊನ್ನೆ ಕೊಟ್ಟರೂ ಸಿಗುತ್ತಿತ್ತು. ನಂಬಿಕೆ ಇಟ್ಟರೆ ಜನ ಕೊಡುತ್ತಾರೆ.

ಲೆಕ್ಕಪತ್ರ:
ಅವರ ಹೆಸರು ಆಗಲೇ ಜಗತ್ತಿಗೆಲ್ಲಾ ಗೊತ್ತಿತ್ತು. ಹೆಸರಿಲ್ಲದವರು ಇಷ್ಟ ಬಂದಷ್ಟು ಕೊಡಿ ಅಂದರೆ ಯಾರಿಗೂ ಕೇಳಿಸುವುದೇ ಇಲ್ಲ. ದೊಡ್ಡವರು ತಮ್ಮ ಬಲವನ್ನು ಬಳಸಬೇಕಾದ್ದು ಬೇರೆ ಥರ. 2015ರಲ್ಲಿ ಆಪಲ್ ಮ್ಯೂಸಿಕ್ ಶುರು ಆಗುವಾಗ ಮೊದಲ ಮೂರು ತಿಂಗಳು ಕೇಳುಗರಿಗೆ ಉಚಿತ, ಆ ಮೂರು ತಿಂಗಳು ಕಲಾವಿದರಿಗೂ ಏನೂ ಕೊಡಲ್ಲ ಅಂತಿತ್ತು. ದೊಡ್ಡ ಹೆಸರಿನ ಗಾಯಕಿ ಟೇಲರ್ ಸ್ವಿಫ್ಟ್ ಬಹಿರಂಗ ಪತ್ರ ಬರೆದಳು, ಕಂಪನಿ ತಕ್ಷಣ ನಿರ್ಧಾರ ಬದಲಿಸಿತು. ಅದರ ಲಾಭ ಸಣ್ಣವರಿಗೂ ಸಿಕ್ಕಿತು.

ಕೊಳಲು ಕಲಿಯುವೆ:
ಸರ್ಕಾರವೇ ಕೊಟ್ಟರೆ ಹೇಗೆ? ಆಗ ಆಯೋಜಕರ ಮುಲಾಜೂ ಇಲ್ಲ, ಆ್ಯಪ್ ಮುಲಾಜೂ ಇಲ್ಲ.

ಹಳೇ ರೆಕಾರ್ಡು:
ಐರ್ಲೆಂಡ್‌ನಲ್ಲಿ 2022ರಲ್ಲಿ ಪ್ರಯೋಗ ಶುರು ಆಯಿತು. 2,000 ಕಲಾವಿದರಿಗೆ ವಾರಕ್ಕೆ 325 ಯೂರೋ, ಏನು ಮಾಡಿ ಅಂತ ಷರತ್ತು ಇರಲಿಲ್ಲ. ಅರ್ಜಿ ಹಾಕಿದವರಲ್ಲಿ ಲಾಟರಿ ಎತ್ತಿ ಆರಿಸಿದರು, ಯಾರ ಕಲೆ ಒಳ್ಳೇದು ಅಂತ ತೀರ್ಪು ಕೊಡಲಿಲ್ಲ. ಫ್ರಾನ್ಸ್‌ನಲ್ಲಿ ಬೇರೆ ಥರ. ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಿದರೆ, ಕಾರ್ಯಕ್ರಮ ಇಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ ಸಿಗುತ್ತೆ. ಮನೆಯಲ್ಲಿ ಕೂತು ಅಭ್ಯಾಸ ಮಾಡುವ ದಿನವೂ ಕೆಲಸದ ಭಾಗವೇ ಅಂತ ಒಪ್ಪಿಕೊಂಡ ಹಾಗೆ. ನನಗೆ ಈ ಎರಡನೆಯದು ಜಾಸ್ತಿ ಹಿಡಿಸುತ್ತೆ.

ಆದರೆ ಹೊರಗಿನ ಕೊಡುಗೆ ಮೇಲೆ ಪೂರ್ತಿ ಕೂತರೂ ಅಪಾಯ. 1809ರಲ್ಲಿ ಸಂಗೀತ ರಚನೆಕಾರ ಬೀಥೋವನ್‌ಗೆ ಮೂವರು ಶ್ರೀಮಂತರು ಸೇರಿ ವರ್ಷಕ್ಕೆ 4,000 ಫ್ಲೋರಿನ್ ಕೊಡುತ್ತೇವೆ, ವಿಯೆನ್ನಾ ಬಿಡಬೇಡ ಅಂದರು. 1811ರಲ್ಲಿ ಹಣದ ಬೆಲೆಯೇ ಬಿದ್ದುಹೋಯಿತು, ಒಬ್ಬ ಕುದುರೆಯಿಂದ ಬಿದ್ದು ಸತ್ತ, ಇನ್ನೊಬ್ಬ ಸಾಲದಲ್ಲಿ ಮುಳುಗಿದ. ಬರಬೇಕಾದ್ದಕ್ಕಾಗಿ ಬೀಥೋವನ್ ಕೋರ್ಟು ಕಚೇರಿ ಅಲೆದ.

ಒಂಟಿತಂತಿ:
ಎಲ್ಲಾ ಓದಿದೆ, ಕೆಲವನ್ನು ದೊಡ್ಡಪ್ಪನಿಗೂ ಓದಿ ಹೇಳಿದೆ. ಮಂದ್ರಸ್ಥಾಯಿ ಅವರ ಮಾತು ಅವರಿಗೆ ಬಹಳ ಇಷ್ಟ ಆಯಿತು. ನುಡಿಸುವುದನ್ನು ದುಡ್ಡು ತೀರ್ಮಾನ ಮಾಡಬಾರದು, ಅದನ್ನು ನಾನೂ ಒಪ್ಪುತ್ತೇನೆ. ಆದರೆ ಬಾಡಿಗೆ ಕಟ್ಟಲು ಆಗದ ತಿಂಗಳಲ್ಲಿ ಬಂದ ಕೆಲಸವನ್ನೆಲ್ಲಾ ಒಪ್ಪಿಕೊಳ್ಳುತ್ತೇನೆ, ಮನಸ್ಸಿಲ್ಲದಿದ್ದರೂ ಕೇಳಿದ್ದನ್ನೆಲ್ಲಾ ನುಡಿಸುತ್ತೇನೆ. ಕೈಯಲ್ಲಿ ಸ್ವಲ್ಪ ಇದ್ದ ತಿಂಗಳಲ್ಲಿ ಮಾತ್ರ ಬೇಡ ಅನ್ನುವ ಧೈರ್ಯ ಬರುತ್ತೆ. ನನ್ನ ಅನುಭವದಲ್ಲಿ ಸಂಗೀತವನ್ನು ಕೆಡಿಸಿದ್ದು ದುಡ್ಡು ಇಲ್ಲದ ತಿಂಗಳುಗಳೇ. ಆ ಸಂಸ್ಥೆಯವರಿಗೆ ಮೂರು ಜನರ ಸಂಭಾವನೆ ಬರೆದು ಕಳಿಸಿದ್ದೇನೆ, ಒಪ್ಪಿದರೆ ಹೋಗುತ್ತೇವೆ.

ಮಂದ್ರಸ್ಥಾಯಿ:
ಆ ಕೊನೆಯ ಮಾತು ನಾನು ಯೋಚಿಸಿರಲಿಲ್ಲ. ದೊಡ್ಡಪ್ಪನಿಗೆ ನನ್ನ ನಮಸ್ಕಾರ ತಿಳಿಸಿ.

ಏಕತಾಳ:
ಮೂರು ಜನರ ಸಂಭಾವನೆ ಅಂದಿರಲ್ಲ, ಹಂಚುವುದು ಹೇಗೆ? ಇದನ್ನು ಕೇಳದೆ ನನಗೆ ನಿದ್ದೆ ಬರಲ್ಲ. ಮುಖ್ಯ ಕಲಾವಿದರು ಆಯೋಜಕರ ಹತ್ತಿರ ನ್ಯಾಯ ಕೇಳುತ್ತಾರೆ, ಲಕೋಟೆ ಬಂದ ಮೇಲೆ ಪಕ್ಕವಾದ್ಯದವರಿಗೆ ಎಷ್ಟು ಅಂತ ಅವರೇ ತೀರ್ಮಾನ ಮಾಡುತ್ತಾರೆ. ಒಟ್ಟು ಎಷ್ಟು ಬಂತು ಅಂತ ನಮಗೆ ಹೇಳಿದವರನ್ನು ನಾನು ಬಹಳ ಕಡಿಮೆ ನೋಡಿದ್ದೇನೆ.

ಹೊರಗಿನ ಸಾಲು:
ನಾವು ಈಗ ಒಬ್ಬೊಬ್ಬರಿಗೂ ಬೇರೆ ಬೇರೆ ಕೊಡುತ್ತೇವೆ, ಒಬ್ಬರ ಕೈಗೆ ಎಲ್ಲಾ ಕೊಡಲ್ಲ. ಮೊದಲು ಕೆಲವು ಹಿರಿಯರಿಗೆ ಸಿಟ್ಟು ಬಂತು. ಈಗ ರೂಢಿ ಆಗಿದೆ.

ಒಂಟಿತಂತಿ:
ನಾನು ಕಳಿಸಿದ ಪತ್ರದಲ್ಲಿ ಮೂವರಿಗೂ ಬೇರೆ ಬೇರೆ ಮೊತ್ತ ಬರೆದಿದೆ ಏಕತಾಳ ಅವರೇ. ನನ್ನದು ಸ್ವಲ್ಪ ಜಾಸ್ತಿ, ಓಡಾಟ, ಫೋನು, ರಿಹರ್ಸಲ್ ಜಾಗ ಎಲ್ಲಾ ನಾನೇ ನೋಡಿಕೊಳ್ಳುವುದರಿಂದ. ಅದರ ಪ್ರತಿ ಇಬ್ಬರಿಗೂ ಕಳಿಸಿದ್ದೇನೆ.

ಏಕತಾಳ:
ಎಷ್ಟು ಜಾಸ್ತಿ ಅಂತ ಅವರಿಬ್ಬರೂ ಒಪ್ಪಿದ್ದಾರಾ, ಅಥವಾ ಬರೀ ಪ್ರತಿ ಹೋಗಿದೆಯಾ?

ಒಂಟಿತಂತಿ:
ಘಟಂನವರು ಒಪ್ಪಿದರು. ಮೃದಂಗದವರು ಇವತ್ತು ರಾತ್ರಿ ಫೋನ್ ಮಾಡುತ್ತೇನೆ ಅಂದಿದ್ದಾರೆ. ರಿಹರ್ಸಲ್ಲಿಗೂ ಬೇರೆ ಕೊಡಬೇಕು ಅನ್ನುತ್ತಾರೆ ಅನಿಸುತ್ತೆ.

ಮಿಕ್ಸರ್:
ಕೊಡಲೇಬೇಕು.